ರಿಸೀವರಿಗೆ ಕೇಳಿದ ಪ್ರಸಾದ

ಒಬ್ಬ ಮನುಷ್ಯ ತನ್ನ ಕುಲದೇವಿಯ ಎದುರು ಕೈಮುಗಿದು ನಿಂತು ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳಿದರೆ, ಅದು ಅವನಿಗೂ ದೇವಿಗೂ ನಡುವಿನ ವ್ಯವಹಾರ. ಅದರಲ್ಲಿ ಮೂರನೆಯವರಿಗೆ ಕೆಲಸವಿಲ್ಲ. ಇದು ಸಣ್ಣ ಮಗುವಿಗೂ ಅರ್ಥವಾಗುವ ಮಾತು. ಆದರೆ ನಮ್ಮ ಕಡೆಯ ದೊಡ್ಡವರಿಗೆ, ಅದರಲ್ಲೂ ಕುಮಟಾ ಹೊನ್ನಾವರ ಲೋಕಲ್ ಬಸ್ಸಿನಲ್ಲಿ ದಿನಾ ಓಡಾಡುವ ದೊಡ್ಡವರಿಗೆ, ಇದನ್ನು ಅರ್ಥ ಮಾಡಿಸುವ ಮಹಾನುಭಾವ ಇನ್ನೂ ಹುಟ್ಟಿಲ್ಲ. ನನಗಾದ ಅನ್ಯಾಯವನ್ನು ಬೇರೆ ಯಾರೂ ಬರೆಯುವ ಲಕ್ಷಣ ಕಾಣದ್ದರಿಂದ ನಾನೇ ಬರೆಯುತ್ತಿದ್ದೇನೆ.

ನನ್ನ ಹೆಸರು ಮಾಬ್ಲೇಶ್ವರ. ಊರು ಕಾಗಾಲ. ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಬಂದ ಬಸ್ಸಿನ ವಿಷಯವನ್ನು ಯಾರೂ ನನ್ನ ಹತ್ತಿರ ಕೇಳುವುದಿಲ್ಲ, ಹತ್ತಿ ಹೋಗುತ್ತಾರೆ. ಬಾರದ ಬಸ್ಸಿನ ವಿಷಯವನ್ನು ಎಲ್ಲರೂ ಕೇಳುತ್ತಾರೆ. ಹೀಗೆ ನನ್ನ ನೌಕರಿಯೆಲ್ಲ ಬಾರದ ಬಸ್ಸುಗಳ ಪರವಾಗಿ ಬೈಸಿಕೊಳ್ಳುವುದರಲ್ಲೇ ಕಳೆದಿದೆ. ಅಷ್ಟು ಬೈಸಿಕೊಂಡೂ ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ. ತಲೆ ಕೆಟ್ಟದ್ದು ಹೊನ್ನಾವರದಲ್ಲಿ, ನಾಗಭೂಷಣರ ಮನೆಯ ಸೋಫಾದ ಮೇಲೆ.

ನಾಗಭೂಷಣರು ಹೊನ್ನಾವರದಲ್ಲಿ ಟೈಲ್ಸ್ ಅಂಗಡಿ ಇಟ್ಟವರು. ಅವರ ಮಗ ಅನೂಪ ಬ್ಯಾಂಕಿನಲ್ಲಿದ್ದಾನೆ. ನನ್ನ ಮಗಳು ಸುಪ್ರಿಯಾ ಕುಮಟಾದ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುತ್ತಾಳೆ. ಇಬ್ಬರಿಗೂ ಸಂಬಂಧ ತಂದವನು ನನ್ನ ಹೆಂಡತಿ ಭಾರತಿಯ ತಮ್ಮ ರವೀಂದ್ರ. ಹುಡುಗ ಹುಡುಗಿ ಒಪ್ಪಿದ್ದರು. ಅನೂಪನ ಫೋನು ಬಂದ ಕೂಡಲೇ ಸುಪ್ರಿಯಾ ಹಿತ್ತಲಿಗೆ ಹೋಗಿ ಬಾಳೆಗಿಡಗಳ ನಡುವೆ ಒಂದು ತಾಸು ನಿಲ್ಲುವುದನ್ನು ನೋಡಿದರೆ, ಒಪ್ಪಿದ್ದರು ಎನ್ನುವುದೂ ಸಣ್ಣ ಮಾತೇ. ದೀಪಾವಳಿ ಕಳೆದ ಮೇಲೆ ನಮ್ಮ ಮನೆಯಲ್ಲಿ ನಿಶ್ಚಿತಾರ್ಥ ಎಂದು ಮಾತಾಗಿತ್ತು. ಅದಕ್ಕೂ ಮೊದಲು ಹುಡುಗನ ಮನೆ ನೋಡುವ ಶಾಸ್ತ್ರಕ್ಕೆ ನಾವು ಹೋದೆವು.

ಚಹಾ ಆಯಿತು. ಚಕ್ಕುಲಿ ಬಂತು. ನಾಗಭೂಷಣರು ಕಿಟಕಿಯ ಪರದೆ ಎಳೆದು, "ನಮ್ಮ ಹೋಮ್ ಥಿಯೇಟರ್ ಒಂದ್ಸಲ ಕೇಳಿ" ಎಂದರು. ಕೇಳಿ ಎಂದರೇ ಹೊರತು ಸೋಫಾದ ಹಿಂದಿನ ಗೋಡೆಯಲ್ಲಿ ಎರಡು ಸ್ಪೀಕರು ಇವೆ ಎಂದು ಹೇಳಲಿಲ್ಲ. ಇದು ಬೀಗರಿಗೆ ಮಾಡುವ ಮರ್ಯಾದೆಯೇ? ಟಿವಿಯಲ್ಲಿ ಏನೋ ಬೆನ್ನಟ್ಟುವ ದೃಶ್ಯ ನಡೆದಿತ್ತು. ಇದ್ದಕ್ಕಿದ್ದಂತೆ ನನ್ನ ಬೆನ್ನ ಹಿಂದೆ ಒಂದು ದೊಡ್ಡ ಗಾಡಿ ರಿವರ್ಸ್ ಬರುವ ಸದ್ದಾಯಿತು. ಬಸ್ ಸ್ಟ್ಯಾಂಡಿನಲ್ಲಿ ಆಯುಷ್ಯ ಕಳೆದವನ ಕೈಕಾಲು ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ. ಎದ್ದೆ, ಪಕ್ಕಕ್ಕೆ ಸರಿದೆ, ಒಂದು ಕೈಯಲ್ಲಿ ಬೀಗಿತ್ತಿಯನ್ನು ಹಿಂದಕ್ಕೆ ಸರಿಸಿದೆ, ಇನ್ನೊಂದು ಕೈಯಲ್ಲಿ ಸೋಫಾದ ಬೆನ್ನು ಬಡಿದು, "ಬರ್ಲಿ, ಬರ್ಲಿ, ಹೋಲ್ಡಾನ್" ಎಂದು ಕೂಗಿದೆ.

ಆಮೇಲೆ ಆದದ್ದನ್ನು ವಿವರಿಸಲು ನನಗೆ ಮನಸ್ಸಿಲ್ಲ. ನಾಗಭೂಷಣರು ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, ಕೊನೆಗೆ ನೀರು ಕುಡಿದರು. ನೀರು ಕುಡಿದ ಮೇಲೆ ಅದೇ ಗಾಡಿಯನ್ನು ಇನ್ನೊಮ್ಮೆ ಹಿಂದಕ್ಕೆ ಬಿಟ್ಟರು, ನಾನು ಮತ್ತೆ ಏಳುತ್ತೇನೋ ಎಂದು ನೋಡಲು. ಅನೂಪ ಮಾತ್ರ ನಗಲಿಲ್ಲ, ಕೆಳಗೆ ಬಿದ್ದ ಚಕ್ಕುಲಿ ಹೆಕ್ಕುತ್ತಿದ್ದ. ಹುಡುಗ ಒಳ್ಳೆಯವನೆಂದು ನಾನು ಅಂದೇ ನಿಶ್ಚಯಿಸಿದೆ. ಭಾರತಿ ಸೆರಗು ಬಾಯಿಗಿಟ್ಟು ನಕ್ಕದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ.

ವಾಪಸು ಬರುವಾಗ ಶರಾವತಿ ಸೇತುವೆ ಕಾಣುವ ದಿಕ್ಕಿಗೆ ಮುಖ ಮಾಡಿ ಶಪಥ ಮಾಡಿದೆ. ನಿಶ್ಚಿತಾರ್ಥಕ್ಕೆ ನಾಗಭೂಷಣರು ನಮ್ಮ ಮನೆಗೆ ಬಂದು ಕೂತಾಗ ಅವರ ಬೆನ್ನ ಹಿಂದೂ ಒಂದು ಗಾಡಿ ಬರಬೇಕು. ಅವರೂ ಏಳಬೇಕು.

ಸ್ಪೀಕರಿಗೆ ನನಗೇನೂ ಕೊರತೆಯಿರಲಿಲ್ಲ. ಕುಮಟಾದಲ್ಲಿ ಹಿಂದೊಮ್ಮೆ ಬಾಗಿಲು ಮುಚ್ಚಿದ ವಿಡಿಯೋ ಸೆಂಟರಿನವನ ಹತ್ತಿರ ಐದು ಸ್ಪೀಕರು, ಗುಡುಗುಡು ಎನ್ನುವ ಒಂದು ವೂಫರು ತಂದು ಅಟ್ಟದಲ್ಲಿಟ್ಟಿದ್ದೆ. ಭಾರತಿ ಅವುಗಳ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಈಗ ಬೇಕಾದದ್ದು ಆ ಆರಕ್ಕೂ ಸದ್ದನ್ನು ಪಾಲು ಮಾಡಿ ಕೊಡುವ ಯಂತ್ರ. ಅದಕ್ಕೆ ರಿಸೀವರ್ ಎನ್ನುತ್ತಾರೆ. ಕೊಡುವುದೇ ಕೆಲಸವಾದ ಯಂತ್ರಕ್ಕೆ ತೆಗೆದುಕೊಳ್ಳುವವನು ಎಂದು ಹೆಸರಿಟ್ಟದ್ದನ್ನು ಕಂಡಾಗಲೇ ನಾನು ಎಚ್ಚರಾಗಬೇಕಿತ್ತು.

ಆಗಲಿಲ್ಲ. ಮೊಬೈಲಿನಲ್ಲಿ ರಿಸೀವರಿನ ವಿಷಯ ಹೇಳುವ ಹುಡುಗರ ವಿಡಿಯೋ ನೋಡತೊಡಗಿದೆ. ಒಬ್ಬ ಐದು ಸ್ಪೀಕರು ಸಾಕು ಎಂದ. ಇನ್ನೊಬ್ಬ ಏಳಿಲ್ಲದವನು ಸಿನಿಮಾ ನೋಡುವುದೇ ತಪ್ಪು ಎಂದ. ಮೂರನೆಯವನು ಚಾವಣಿಗೂ ಎರಡು ಹಾಕಿ ಎಂದ. ನಮ್ಮದು ಹಂಚಿನ ಮಾಡು, ಅಲ್ಲಿ ಈಗಾಗಲೇ ಇಲಿಗಳಿವೆ, ಮೇಲಿನಿಂದ ಸದ್ದು ಬರಲು ಬೇರೆ ವ್ಯವಸ್ಥೆ ಬೇಕಿಲ್ಲ. ಎಲ್ಲರೂ 'ಬಜೆಟ್ ರಿಸೀವರ್' ಎಂದೇ ಮಾತು ಶುರು ಮಾಡಿ, ಕೊನೆಯಲ್ಲಿ ಹೇಳುತ್ತಿದ್ದ ಬೆಲೆ ಕೇಳಿದರೆ ಅದು ಯಾರ ಬಜೆಟ್ಟು, ರಾಜ್ಯ ಸರ್ಕಾರದ್ದೋ ಎಂದು ಅನುಮಾನ ಬರುತ್ತಿತ್ತು. ಅದರ ಮೇಲೆ ಓಮ್ ಎಂಬ ಕರೆಂಟಿನ ಅಳತೆಯೊಂದು. ಸ್ಪೀಕರಿನ ಬೆನ್ನಿಗೆ ಬರೆದ ಓಮಿಗೂ ರಿಸೀವರಿನ ಬೆನ್ನಿಗೆ ಬರೆದ ಓಮಿಗೂ ಹೊಂದಬೇಕಂತೆ, ಇಲ್ಲವಾದರೆ ಸುಟ್ಟು ಹೋಗುತ್ತದಂತೆ. ಜಾತಕ ನೋಡದೆ ಮದುವೆ ಮಾಡುವವರಿದ್ದಾರೆ, ಓಮ್ ನೋಡದೆ ರಿಸೀವರ್ ಕೊಳ್ಳುವ ಹಾಗಿಲ್ಲ.

ಕೊನೆಗೆ ಎರಡೇ ಉಳಿದವು. ಒಂದು ಹೊನ್ನಾವರದ ಯೋಗೇಶನ ಅಂಗಡಿಯ ಹೊಸ ಮಾಲು. ಪೆಟ್ಟಿಗೆಯ ಮೇಲೆ ಸಾವಿರಾರು ವ್ಯಾಟ್ ಎಂದು ಬೆಂಕಿಯ ಚಿತ್ರದೊಂದಿಗೆ ಬರೆದಿತ್ತು. "ಅಷ್ಟು ವ್ಯಾಟ್ ನಿಜವಾ ಮಾರಾಯ? ನಮ್ಮ ಗ್ರೈಂಡರಿಗೇ ಅಷ್ಟಿಲ್ಲ" ಎಂದೆ. ಯೋಗೇಶ, "ಮಾಬ್ಲಣ್ಣ, ಅದು ಪೆಟ್ಟಿಗೆ ವ್ಯಾಟು. ಒಳಗಿಂದು ಬೇರೆ ಇರ್ತದೆ. ಗ್ಯಾರಂಟಿ ಒಂದು ವರ್ಷ" ಎಂದ. ಇನ್ನೊಂದು ಭಟ್ಕಳದ ದಾಮೂದಿ ಸಾಹೇಬರದ್ದು. ಅವರ ಮಗ ದುಬೈಯಿಂದ ತಂದು ಕೆಲವು ವರ್ಷ ಬಳಸಿ ಬಿಟ್ಟ ಜಪಾನಿ ರಿಸೀವರ್. ವ್ಯಾಟು ಕೇಳಿದೆ. ಸಾಹೇಬರು, "ನನಗೆ ಗೊತ್ತಿಲ್ಲ. ಎತ್ತಿ ನೋಡಿ" ಎಂದರು. ಎತ್ತಲು ಹೋಗಿ ಸೊಂಟ ಹಿಡಿಯಿತು. "ಭಾರ ಉಂಟಲ್ಲ, ಅದು ಸುಳ್ಳು ಹೇಳುದಿಲ್ಲ. ಗ್ಯಾರಂಟಿ ನಾನೇ, ನಾನು ಇರುವವರೆಗೆ" ಎಂದರು. ಸಾಹೇಬರಿಗೆ ಎಂಬತ್ತರ ಹತ್ತಿರ.

ಒಂದು ಹೊಸತು, ಆದರೆ ಸುಳ್ಳು. ಇನ್ನೊಂದು ನಿಜ, ಆದರೆ ಹಳತು. ನಾನು ಭಟ್ಕಳಕ್ಕೂ ಹೊನ್ನಾವರಕ್ಕೂ ನಡುವೆ ಎಷ್ಟು ಸಲ ಓಡಾಡಿದೆನೆಂದರೆ ಕಂಡಕ್ಟರುಗಳು ನನ್ನನ್ನು ವಿಚಾರಣೆಗೆ ಬಂದ ಅಧಿಕಾರಿ ಎಂದು ತಿಳಿದು ಎಲ್ಲರಿಗೂ ಟಿಕೆಟ್ ಕೊಡತೊಡಗಿದರು. ನಿರ್ಧಾರ ಮಾತ್ರ ಆಗಲಿಲ್ಲ. ಹೀಗೆ ಮನುಷ್ಯನ ಬುದ್ಧಿಗೆ ನಿಲುಕದ ವಿಷಯ ಬಂದಾಗ ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪ್ರಸಾದ ಕೇಳಲು ಹೋದೆ.

ಧಾರೇಶ್ವರದ ಹತ್ತಿರ ನಮ್ಮ ಕುಲದೇವಿಯ ಗುಡಿಯಿದೆ. ವಿಶ್ವನಾಥ ಭಟ್ಟರು ದೇವಿಯ ಎಡಬಲಕ್ಕೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ನಾವು ಮನಸ್ಸಿನಲ್ಲೇ ಪ್ರಶ್ನೆ ಇಟ್ಟು ಕೈಮುಗಿದು ನಿಲ್ಲಬೇಕು. ಬಲದ ಎಸಳು ಬಿದ್ದರೆ ಹೂಂ, ಎಡದ್ದು ಬಿದ್ದರೆ ಊಹೂಂ. ಒಂದೇ ನಿಯಮ. ಕೇಳಿದ್ದನ್ನು ಅದು ಕೈಗೂಡುವವರೆಗೆ ಬಾಯಿ ಬಿಟ್ಟು ಹೇಳಬಾರದು, ಹೇಳಿದರೆ ಪ್ರಸಾದ ಸುಳ್ಳಾಗುತ್ತದೆ. ನನ್ನ ಅಜ್ಜ ದೋಣಿಯ ವಿಷಯ ಕೇಳಿ, ಬಾಯಿ ತಡೆಯದೆ ಹೇಳಿ, ದೋಣಿ ಕಳೆದುಕೊಂಡ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಗುಡಿಯಲ್ಲಿ ಆ ದಿನ ಇದ್ದವಳು ತಿಮ್ಮಕ್ಕ ಒಬ್ಬಳೇ. ನನ್ನ ದೊಡ್ಡಪ್ಪನ ಮಗಳು. ತಪ್ಪಿಸಿಕೊಂಡ ಎಮ್ಮೆಯ ವಿಷಯ ಕೇಳಲು ಬಂದಿದ್ದಳು. ಅವಳದ್ದು ಮುಗಿದಿತ್ತು, ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ಕಂಬಕ್ಕೆ ಒರಗಿ ಕೂತಳು. ನಾನು ಕಣ್ಣು ಮುಚ್ಚಿ, 'ತಾಯೇ, ಯೋಗೇಶನ ಅಂಗಡಿಯ ರಿಸೀವರ್ ತರಲೋ' ಎಂದು ಕೇಳಿದೆ. ಎಡದ ಎಸಳು ಬಿತ್ತು. "ಎಡ ಆತು" ಎಂದರು ಭಟ್ಟರು. 'ಹಾಗಾದರೆ ಭಟ್ಕಳದ್ದು ತರಲೋ' ಎಂದು ಕೇಳಿದೆ. ತುಸು ಹೊತ್ತು ಕಾಯಿಸಿ ಬಲದ್ದು ಬಿತ್ತು. "ಬಲ. ಸ್ಪಷ್ಟ ಆತು" ಎಂದರು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹೊರಗೆ ಬರುವಾಗ ತಿಮ್ಮಕ್ಕ, "ಎಂತ ಕೇಳ್ದೆ ತಮಾ?" ಎಂದಳು. "ಹೇಳೂಹಂಗಿಲ್ಲ ತಿಮ್ಮಕ್ಕ" ಎಂದೆ. ಅವಳು ತಲೆಯಾಡಿಸಿದ ರೀತಿಯಲ್ಲೇ ನಾನು ಅಪಾಯ ಕಾಣಬೇಕಿತ್ತು.

ಮಾರನೆಯ ದಿನ ಹೊನ್ನಾವರ ಲೋಕಲ್ಲಿನ ಕಂಡಕ್ಟರ್ ಗಣಪಿ ನನ್ನ ಕಿಟಕಿಗೆ ಬಂದು ಸಹಿ ಹಾಕಿಸಿಕೊಂಡವನು ಹೋಗದೆ ನಿಂತ. ಮುಖ ಸಪ್ಪಗಿತ್ತು. "ಮಾಬ್ಲಣ್ಣ, ಆದದ್ದು ಆತು. ಹೆಣ್ಣುಮಗು ಅದೆ ಹೇಳಿ ಧೈರ್ಯ ಬಿಡೂದು ಬೇಡ. ಬೇರೆ ಗಂಡು ಸಿಕ್ತದೆ" ಎಂದ.

"ಎಂತ ಆತು ಮಾರಾಯ?"

"ತಿಮ್ಮಕ್ಕ ಬಸ್ಸಲ್ಲಿ ಹೇಳ್ತು. ಮೊದ್ಲು ಹೊನ್ನಾವರದ ಮನೆಗೆ ಕೊಡೂದಾ ಕೇಳಿದ್ದಂತೆ, ಎಡ ಆತಂತೆ. ಮತ್ತೆ ಬಿಟ್ಬಿಡೂದಾ ಕೇಳಿದ್ದಂತೆ, ಬಲ ಆತಂತೆ. ದೇವಿ ಎರಡು ಸಲ ಹೇಳಿದ್ಮೇಲೆ ಮನ್ಷರು ಎಂತ ಹೇಳೂದು?"

ತಿಮ್ಮಕ್ಕನ ತರ್ಕವನ್ನು ನೋಡಿ. ಮಗಳ ಮದುವೆ ಎದುರಿರುವ ಅಪ್ಪ ಗುಡಿಗೆ ಬಂದಿದ್ದಾನೆ, ಎರಡು ಪ್ರಶ್ನೆ ಕೇಳಿದ್ದಾನೆ, ಹೇಳುವ ಹಾಗಿಲ್ಲ ಎಂದಿದ್ದಾನೆ. ಮದುವೆಯಲ್ಲದೆ ಇನ್ನೇನು? ಒಬ್ಬ ಅಪ್ಪನಿಗೆ ಮಗಳ ಮದುವೆ ಬಿಟ್ಟು ಬೇರೆ ಬಾಳೇ ಇಲ್ಲವೆಂದು ಇವರಿಗೆ ಹೇಳಿದವರಾರು? ನನ್ನ ತಲೆಯಲ್ಲಿ ಆರು ಸ್ಪೀಕರು, ಎಂಟು ಓಮು, ಎರಡು ತಾಲೂಕು ಇದ್ದದ್ದು ಯಾರಿಗೂ ಕಾಣಲಿಲ್ಲ. "ಅದಲ್ಲ ಗಣಪಿ, ನಾ ಕೇಳಿದ್ದು ಬೇರೆ" ಎಂದೆ. "ಮತ್ತೆಂತ ಕೇಳಿದ್ದು?" ಎಂದ. ಬಾಯಿ ತೆರೆದೆ. ಅಜ್ಜನ ದೋಣಿ ನೆನಪಾಯಿತು. ಬಾಯಿ ಮುಚ್ಚಿದೆ. ಗಣಪಿ ಕಣ್ಣು ಒರೆಸಿಕೊಂಡು ಬಸ್ಸು ಹತ್ತಿದ.

ಸಂಜೆಯೊಳಗೆ ಜನರಿಗೆ ದೇವಿ ಬೇಡ ಎಂದದ್ದಕ್ಕೆ ಕಾರಣಗಳೂ ಸಿಕ್ಕಿದ್ದವು. ಹೋಗುವ ಬಸ್ಸಿನಲ್ಲಿ ಅನೂಪನಿಗೆ ದಮ್ಮಿನ ಕಾಯಿಲೆ ಹತ್ತಿತು, ಬ್ಯಾಂಕಿನಲ್ಲಿ ಏನೋ ಗೋಲ್‌ಮಾಲ್ ಆಯಿತು. ಬರುವ ಬಸ್ಸಿನಲ್ಲಿ ಸುಪ್ರಿಯಾಳಿಗೆ ಸಿಟ್ಟು ಜಾಸ್ತಿಯಾಯಿತು, ಲ್ಯಾಬಿನಲ್ಲಿ ಕೆಲಸ ಮಾಡಿ ಮಾಡಿ ರಕ್ತ ಕಂಡರೆ ನಗುತ್ತಾಳೆ ಎಂದಾಯಿತು. ಆ ಬಸ್ಸುಗಳನ್ನು ಸಮಯಕ್ಕೆ ಸರಿಯಾಗಿ ಬಿಡುತ್ತಿದ್ದವನು ನಾನೇ. ನನ್ನ ಮನೆ ಮುರಿಯುವ ಸುದ್ದಿಗೆ ನಾನೇ ಶಿಳ್ಳೆ ಊದಿ ರೈಟ್ ಎನ್ನುತ್ತಿದ್ದೆ.

ಮನೆಗೆ ಬಂದರೆ ಜಗಲಿಯಲ್ಲಿ ರವೀಂದ್ರ ಹೆಲ್ಮೆಟ್ಟು ತೆಗೆಯದೆ ನಿಂತಿದ್ದ. ರವೀಂದ್ರ ಕುಮಟಾದ ವಕೀಲರೊಬ್ಬರ ಗುಮಾಸ್ತ. ವಾದ ಮಾಡಲು ಅವನಿಗೆ ಕೋರ್ಟಿನಲ್ಲಿ ಅವಕಾಶವಿಲ್ಲ, ಹಾಗಾಗಿ ಉಳಿಸಿಟ್ಟುಕೊಂಡು ನಮ್ಮ ಮನೆಗೆ ತರುತ್ತಾನೆ.

"ಭಾವ, ನೀವು ಪ್ರಸಾದ ಕೇಳಿದ್ದು ಹೌದೋ ಅಲ್ವೋ, ಅಷ್ಟು ಹೇಳಿ."

"ಹೌದು."

"ಎಡ ಆದದ್ದು ಹೌದೋ ಅಲ್ವೋ?"

"ಹೌದು. ಆದ್ರೆ..."

"ಆದ್ರೆ ಬೇಡ. ಎಂತ ಕೇಳಿದ್ದು?"

"ಹೇಳೂಕಾಗೂದಿಲ್ಲ."

"ಆತು" ಎಂದ ರವೀಂದ್ರ, ಅಲ್ಲಿಲ್ಲದ ನ್ಯಾಯಾಧೀಶರ ಕಡೆ ತಿರುಗಿ. "ಸಂಬಂಧ ತಂದವ ನಾನು. ನಾಗಭೂಷಣರ ಎದುರು ತಲೆ ಎತ್ತಿ ನಿಲ್ಲೂಕಾಗದ ಹಂಗೆ ಮಾಡಿದ್ರಿ. ಬೇಡ ಇದ್ರೆ ನಂಗೆ ಹೇಳ್ಬೇಕಿತ್ತು. ದೇವಿಗೆ ಎಂತಕೆ ಹೇಳಿದ್ರಿ?"

ಒಳಗಿನಿಂದ ಭಾರತಿ, "ನಂಗೂ ಹೇಳ್ಲಿಲ್ಲ. ಹೆತ್ತವಳು ನಾನು, ತಿಮ್ಮಕ್ಕನ ಬಾಯಲ್ಲಿ ಕೇಳ್ಬೇಕಾತು" ಎಂದಳು. ಆ ದಿನ ಅನ್ನಕ್ಕೆ ಸಾರು ಹಾಕಿದಳೇ ಹೊರತು ಇನ್ನೊಮ್ಮೆ ಬೇಕೇ ಎಂದು ಕೇಳಲಿಲ್ಲ.

ಇವರಿಬ್ಬರನ್ನೂ ನಾನು ತಡೆದುಕೊಳ್ಳುತ್ತಿದ್ದೆ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಸುಪ್ರಿಯಾ ಬಂದಳು. "ಅಪ್ಪಾ, ನೀ ಕೇಳಿದ್ದು ನನ್ನ ವಿಷಯವಾ?" ಎಂದಳು. "ಅಲ್ಲ ಮಗಾ" ಎಂದೆ. "ಮತ್ತೆಂತ?" ಎಂದಳು. ನಾನು ತಂಬಿಗೆಯನ್ನು ನೋಡುತ್ತ ನಿಂತೆ. "ಅನೂಪ ಫೋನು ಮಾಡ್ಲಿಲ್ಲ. ನಾ ಮಾಡಿದ್ರೆ ಎತ್ತೂದಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಒಂದು ಗಾಡಿಯ ಸದ್ದಿಗಾಗಿ ನನ್ನ ಮಗಳ ಬಾಳು ಹೀಗೆ ನಡುದಾರಿಯಲ್ಲಿ ನಿಂತದ್ದನ್ನು ಕಂಡು ನನ್ನ ಮೇಲೇ ಸಿಟ್ಟು ಬಂತು. ಆಮೇಲೆ ಯೋಚಿಸಿ ನೋಡಿದರೆ ಸಿಟ್ಟು ಬರಬೇಕಾದದ್ದು ತಿಮ್ಮಕ್ಕನ ಮೇಲೆ ಎಂದು ಕಂಡಿತು.

ದಾರಿ ಒಂದೇ ಇತ್ತು. ಕೇಳಿದ್ದು ಕೈಗೂಡಿದ ಮೇಲೆ ಬಾಯಿ ಬಿಡಬಹುದು. ಹಾಗಾದರೆ ಬೇಗ ಕೈಗೂಡಿಸುವುದು. ರಜೆ ಹಾಕಿ ಭಟ್ಕಳದ ಬಸ್ಸು ಹತ್ತಿದೆ. ದಾಮೂದಿ ಸಾಹೇಬರು ಯಂತ್ರವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ದೊಡ್ಡ ಪೆಟ್ಟಿಗೆಯೊಳಗಿಟ್ಟು, ಹಗ್ಗ ಕಟ್ಟಿ ಕೊಟ್ಟರು. "ಏನು ಇಷ್ಟು ಅರ್ಜೆಂಟು?" ಎಂದರು. "ಮಗಳ ಮದುವೆ ಸಾಹೇಬ್ರೇ" ಎಂದೆ. ಅವರಿಗೆ ಏನು ಅರ್ಥವಾಯಿತೋ, "ಅಲ್ಲಾ ಒಳ್ಳೇದು ಮಾಡ್ಲಿ" ಎಂದು ಬೆಲೆಯಲ್ಲಿ ಸ್ವಲ್ಪ ಬಿಟ್ಟರು. ಈ ಪ್ರಕರಣದಲ್ಲಿ ನನಗೆ ದೊರೆತ ಒಂದೇ ನ್ಯಾಯ ಅದು.

ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಹೊನ್ನಾವರ ದಾಟುವಾಗ ಕಾಲಿನ ಸ್ಪರ್ಶಜ್ಞಾನ ಹೋಗಿತ್ತು. ಮನೆ ಮುಟ್ಟಿದರೆ ಅಂಗಳದಲ್ಲಿ ಕಾರು ನಿಂತಿತ್ತು. ಜಗಲಿಯಲ್ಲಿ ನಾಗಭೂಷಣರು, ಅನೂಪ, ರವೀಂದ್ರ ಕೂತಿದ್ದರು. ಹೊಸ್ತಿಲಲ್ಲಿ ಭಾರತಿ, ಅವಳ ಹಿಂದೆ ಸುಪ್ರಿಯಾ. ತಿಮ್ಮಕ್ಕ ಮೆಟ್ಟಿಲ ಮೇಲೆ. ಅವಳನ್ನು ಕರೆದವರು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ.

"ಮಾಬ್ಲೇಶ್ವರರೇ, ನಾವೂ ಮರ್ಯಾದೆಯಿಂದ ಬದುಕಿದವರು" ಎಂದು ನಾಗಭೂಷಣರು ಶುರು ಮಾಡಿದರು. "ನನ್ನ ಅಂಗಡಿಗೆ ಟೈಲ್ಸ್ ಕೊಳ್ಳಲು ಬಂದವರು ಮಗನ ದಮ್ಮಿಗೆ ಔಷಧ ಹೇಳಿ ಹೋಗ್ತಾರೆ. ಅವನಿಗೆ ನೆಗಡಿಯೂ ಇಲ್ಲ. ನಿಮಗೆ ಸಂಬಂಧ ಬೇಡದಿದ್ದರೆ ಮುಖಕ್ಕೆ ಹೇಳಿ."

ನಾನು ಪೆಟ್ಟಿಗೆ ಕೆಳಗಿಟ್ಟೆ. ಹಗ್ಗ ಬಿಚ್ಚಿದೆ. ಬೆಡ್‌ಶೀಟು ಸರಿಸಿದೆ. ಎಲ್ಲರೂ ಕುತ್ತಿಗೆ ಚಾಚಿದರು. "ಇದು ರಿಸೀವರ್. ನಾನು ದೇವಿ ಹತ್ರ ಕೇಳಿದ್ದು ಇದರ ವಿಷಯ. ಹೊನ್ನಾವರದ ಅಂಗಡಿದು ಬೇಡ ಹೇಳಿ ಎಡ ಆತು, ಭಟ್ಕಳದ್ದು ತಾ ಹೇಳಿ ಬಲ ಆತು. ತಂದೆ. ಕೈಗೂಡ್ತು. ಅದಕ್ಕೇ ಈಗ ಹೇಳ್ತೆ. ಮದುವೆ ವಿಷಯ ನಾ ಕೇಳೇ ಇಲ್ಲ."

ನನ್ನ ಜೀವಮಾನದಲ್ಲಿ ನಾನು ಎಷ್ಟೋ ಸುಳ್ಳು ಹೇಳಿದ್ದೇನೆ. ಬಸ್ಸು ಅಂಕೋಲಾ ಬಿಟ್ಟಿದೆ ಎಂದಿದ್ದೇನೆ, ಹೊರಟೇ ಇರಲಿಲ್ಲ. ಎಲ್ಲವನ್ನೂ ಜನ ನಂಬಿ ಬೆಂಚಿನ ಮೇಲೆ ಕೂತಿದ್ದಾರೆ. ಈಗ ಒಂದು ಅಪ್ಪಟ ನಿಜ ಹೇಳಿದರೆ ಒಬ್ಬರ ಮುಖದಲ್ಲೂ ನಂಬಿಕೆಯಿಲ್ಲ.

"ರೇಡಿಯೋ ತರೂದಾ ಬಿಡೂದಾ ಹೇಳಿ ಯಾರಾದ್ರೂ ಪ್ರಸಾದ ಕೇಳ್ತ್ರಾ?" ಎಂದಳು ತಿಮ್ಮಕ್ಕ. "ಎಮ್ಮೆ ಆದ್ರೆ ಹೌದು."

"ರೇಡಿಯೋ ಅಲ್ಲ ತಿಮ್ಮಕ್ಕ, ರಿಸೀವರ್."

"ಭಾವ, ಇದು ಆಮೇಲೆ ಹುಟ್ಟಿಸಿದ ಸಾಕ್ಷಿ" ಎಂದ ರವೀಂದ್ರ. "ಪ್ರಸಾದ ಆದ ದಿನ ಈ ಡಬ್ಬಿ ಇರ್ಲಿಲ್ಲ. ಗಲಾಟೆ ಎದ್ದ ಮೇಲೆ ತಂದದ್ದು. ಯಾವ ಕೋರ್ಟಲ್ಲೂ ನಿಲ್ಲೂದಿಲ್ಲ."

"ನನಗೆ ಇನ್ನೂ ಬೇಸರ ಆದದ್ದು ಇದಕ್ಕೆ" ಎಂದರು ನಾಗಭೂಷಣರು ಎದ್ದು ನಿಂತು. "ಬೇಡ ಎಂದಿದ್ದರೆ ಸುಮ್ಮನೆ ಹೋಗುತ್ತಿದ್ದೆ. ದೇವಿಯ ಹೆಸರಲ್ಲಿ ಡಬ್ಬಿ ಕಥೆ ಕಟ್ಟಿ ಹೇಳ್ತೀರಲ್ಲ, ನಾವು ಅಷ್ಟು ದಡ್ಡರ ಹಾಗೆ ಕಾಣ್ತೇವಾ?"

ಭಾರತಿ ಕೂಡ ನಂಬಲಿಲ್ಲ. ನಂಬದೆಯೇ, "ಇಷ್ಟು ದೊಡ್ಡ ಡಬ್ಬಿ ತರೂಕೆ ಯಾರ ಅಪ್ಪಣೆ ತಕಂಡಿದ್ದು?" ಎಂದೂ ಕೇಳಿದಳು. ನಾನು ಕೇಳದೇ ಇದ್ದ ಪ್ರಶ್ನೆಗೆ ಒಂದು ಶಿಕ್ಷೆ, ಕೇಳಿದ ಪ್ರಶ್ನೆಗೆ ಇನ್ನೊಂದು. ಇಂಥ ಕಾನೂನು ಯಾವ ದೇಶದಲ್ಲಿದೆ?

ಕೊನೆಗೆ ರವೀಂದ್ರ ತೀರ್ಪು ಕೊಟ್ಟ. ನಾಳೆಯೇ ಎಲ್ಲರೂ ಗುಡಿಗೆ ಹೋಗುವುದು. ಎಲ್ಲರೆದುರು ಈ ಸಂಬಂಧದ ವಿಷಯ ಪ್ರಸಾದ ಕೇಳುವುದು. ಕೇಳಿದ ಮೇಲೆ ಹೇಳಿದರೆ ಮಾತ್ರ ದೋಷ, ಮೊದಲೇ ಹೇಳಿ ಕೇಳಿದರೆ ಇಲ್ಲ ಎಂದೂ ಅವನೇ ಸೇರಿಸಿದ. ಬಲ ಆದರೆ ನಿಶ್ಚಿತಾರ್ಥ, ಎಡ ಆದರೆ ಇಲ್ಲಿಗೇ ಮುಗಿಯಿತು. ನಾಗಭೂಷಣರು ಒಪ್ಪಿದರು. ಎಲ್ಲರೂ ಒಪ್ಪಿದ ಮೇಲೆ ನಾನೂ ಒಪ್ಪಬೇಕಾಯಿತು. ಆದರೆ ಇದುವರೆಗೆ ಸುಳ್ಳು ಎಡ ಇತ್ತು. ನಾಳೆ ನಿಜವಾದ ಎಡ ಆದರೆ?

ಗುಡಿಯಲ್ಲಿ ಅಷ್ಟು ಜನ ನವರಾತ್ರಿಗೂ ಸೇರುವುದಿಲ್ಲ. ಗಣಪಿ ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದ. ವಿಶ್ವನಾಥ ಭಟ್ಟರು ಎಸಳು ಅಂಟಿಸುತ್ತ, "ಮಾಬ್ಲಾ, ಈ ಸಲ ಎಂತ ಕೇಳ್ತೆ ಹೇಳಿ ಸರಿಯಾಗಿ ಮನಸ್ಸಲ್ಲಿ ಇಟ್ಕೊ" ಎಂದರು. ನಾನು ಎದುರು ಹೋಗಿ ನಿಂತೆ. ಅನೂಪ ನೆಲ ನೋಡುತ್ತಿದ್ದ. ಹಿಂದಿನಿಂದ ಸುಪ್ರಿಯಾ ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

"ಮದುವೆ ಆಗೋಳು ನಾನು. ನಾನೇ ಕೇಳ್ತೆ" ಎಂದಳು.

ರವೀಂದ್ರ ಏನೋ ಆಕ್ಷೇಪ ಎತ್ತಲು ಹೋದ. ಭಟ್ಟರು ಕೈ ತೋರಿಸಿ ಸುಮ್ಮನಾಗಿಸಿದರು. ಸುಪ್ರಿಯಾ ಕಣ್ಣು ಮುಚ್ಚಿದಳು. ನಾನು ಕೈಮುಗಿದೆ. ಗಂಟೆಯ ಸದ್ದು ನಿಂತಿತು. ಯಾರೋ ಕೆಮ್ಮಿದರು, ಅನೂಪನಲ್ಲ ತಾನೇ ಎಂದು ಇಡೀ ಗುಡಿ ತಿರುಗಿ ನೋಡಿತು. ಆಮೇಲೆ ಭಟ್ಟರ ಧ್ವನಿ ಬಂತು. "ಬಲ. ಬಲ ಆತು."

ನಾಗಭೂಷಣರು ಬಂದು ನನ್ನನ್ನು ತಬ್ಬಿಕೊಂಡರು. ರವೀಂದ್ರ ತಾನು ಮೊದಲೇ ಹೇಳಿದ್ದೆ ಎಂದ, ಏನು ಹೇಳಿದ್ದನೆಂದು ಯಾರೂ ಕೇಳಲಿಲ್ಲ. ಅನೂಪನೂ ಸುಪ್ರಿಯಾಳೂ ಗುಡಿಯ ಹಿಂದಿನ ಬಾವಿಕಟ್ಟೆಯ ಹತ್ತಿರ ನಿಂತು ಮಾತಾಡುತ್ತಿದ್ದರು. ಅವಳು ಬೈಯುತ್ತಿದ್ದಳು, ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಅದನ್ನು ನೋಡಿ ನನಗೆ ಕಣ್ಣು ತುಂಬಿತು. ತಿಮ್ಮಕ್ಕ ಎಲ್ಲರ ಹತ್ತಿರವೂ, "ನಾ ಬಾಯಿ ಬಿಟ್ಟದ್ದಕ್ಕೆ ವಿಷಯ ಸಾಪ್ ಆತು ನೋಡಿ" ಎನ್ನುತ್ತಿದ್ದಳು. ಜನ ಹೌದು ಹೌದು ಎನ್ನುತ್ತಿದ್ದರು.

ಭಾನುವಾರ ಅಟ್ಟದಿಂದ ಸ್ಪೀಕರು ಇಳಿಸಿದೆ. ಹಪ್ಪಳದ ಹಿಟ್ಟು ಒರೆಸಿದೆ. ಓಮಿಗೆ ಓಮು ಹೊಂದಿಸಿದೆ. ಎರಡನ್ನು ಜಗಲಿಯ ಹಿಂದಿನ ಗೋಡೆಗೆ, ನಾಗಭೂಷಣರು ಕೂರುವ ಕುರ್ಚಿಯ ಬೆನ್ನಿಗೆ ಸರಿಯಾಗಿ ಹಾಕಿದೆ. ಸಾಹೇಬರ ರಿಸೀವರ್ ಒಂದು ಮಾತೂ ಆಡದೆ ಚಾಲೂ ಆಯಿತು. ಟಿವಿಯಲ್ಲಿ ಒಂದು ಸಿನಿಮಾ ಹಾಕಿ ಕೂತೆ. ಎಡಗಿವಿಯ ಹಿಂದಿನಿಂದ ಒಂದು ಬಸ್ಸು ಬಂದು, ತಲೆಯ ಹಿಂದೆ ಸುತ್ತಿ, ಬಲಗಿವಿಯ ಹತ್ತಿರ ನಿಂತಿತು. ಅಂಥ ಸುಖ ನನಗೆ ಈ ನೌಕರಿಯಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

ಸುಪ್ರಿಯಾ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಕೇಳಿದಳು. ರಿಮೋಟು ತೆಗೆದುಕೊಂಡು ಸದ್ದು ನಿಲ್ಲಿಸಿದಳು.

"ಅಪ್ಪಾ, ಇದನ್ನ ಭಟ್ಕಳಕ್ಕೆ ವಾಪಸ್ ಕೊಟ್ಬಾ."

"ಎಂತಕೆ?"

"ದೇವಿ ಹೇಳಿದ್ದು. ಗುಡಿಲಿ ನಾ ಕೇಳಿದ್ದು ಅದೇ. ಅಪ್ಪನ ರಿಸೀವರ್ ವಾಪಸ್ ಕೊಡೂದು ಒಳ್ಳೇದಾ ಕೇಳ್ದೆ. ಬಲ ಆತು."

"ಮತ್ತೆ ಮದುವೆ?"

"ಅದನ್ನ ಎಂತಕೆ ಕೇಳ್ಲಿ? ಅದು ನಂಗೆ ಗೊತ್ತಿತ್ತು. ಗೊತ್ತಿಲ್ಲದ್ದು ಕೇಳೂದಲ್ವಾ ಪ್ರಸಾದ?" ಎಂದಳು. ಆಮೇಲೆ ಧ್ವನಿ ತಗ್ಗಿಸಿದಳು. "ಅಪ್ಪಾ, ಅಲ್ಲಿ ಅವರು ನಿನ್ನ ಏಳ್ಸಿದ್ರು. ಇಲ್ಲಿ ನೀ ಅವರನ್ನ ಏಳ್ಸ್ತೆ. ಮತ್ತೆ ಅವರು ಇನ್ನೂ ದೊಡ್ಡದು ತರ್ತ್ರು. ಎರಡು ಮನೆ ಮಧ್ಯ ಓಡಾಡೋಳು ನಾನು. ನೀವಿಬ್ರೂ ಕೂತ್ಕಂಡೇ ಇದ್ರೆ ನಂಗೆ ಚೂರು ಸುಖ."

ಕೇಳಿದ್ದು ಕೈಗೂಡುವ ಮೊದಲೇ ಹೇಳಿದ್ದೀಯಲ್ಲ, ಪ್ರಸಾದ ಸುಳ್ಳಾಯಿತಲ್ಲ ಎಂದು ವಾದಿಸಿದೆ. "ಅದಕ್ಕೇ ಇವತ್ತೇ ಕೊಟ್ಬಾ" ಎಂದಳು. ಒಳಗೆ ಭಾರತಿ ಅದಾಗಲೇ ಬೆಡ್‌ಶೀಟು ಹುಡುಕುತ್ತಿದ್ದಳು.

ಈಗ ಪೆಟ್ಟಿಗೆಗೆ ಹಗ್ಗ ಕಟ್ಟಿ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳು ನಿಜಕ್ಕೂ ಇದನ್ನೇ ಕೇಳಿದಳೋ ಅಥವಾ ಈಗ ಕಟ್ಟಿ ಹೇಳುತ್ತಿದ್ದಾಳೋ ದೇವಿಗೇ ಗೊತ್ತು. ದೇವಿಯನ್ನೇ ಕೇಳೋಣವೆಂದರೆ ಮತ್ತೆ ಗುಡಿಗೆ ಹೋಗಬೇಕು. ಅಲ್ಲಿ ತಿಮ್ಮಕ್ಕ ಇರುತ್ತಾಳೆ. ಅವಳ ಎಮ್ಮೆ ಇನ್ನೂ ಸಿಕ್ಕಿಲ್ಲ.